ಪ್ಲೈವುಡ್ ಅಂಟಿಗೆ ಸೋರುವ ಯೂರಿಯಾ: ಫಾರ್ಮಾಲ್ಡಿಹೈಡ್ ಉದ್ಯಮದ ಲೆಕ್ಕವನ್ನು ರೈತರು ಏಕೆ ಅರಿತಿರಬೇಕು?



2025ರ ಮುಂಗಾರಿನಲ್ಲಿ ಮಳೆ ಬೇಗನೆ ಆರಂಭವಾಯಿತು. ಮೆಕ್ಕೆಜೋಳದ ಬಿತ್ತನೆ ಕ್ಷೇತ್ರವೂ ಹಿಗ್ಗಿತು. ಜುಲೈ ತಿಂಗಳಿನಲ್ಲಿ ಮೇಲುಗೊಬ್ಬರ ನೀಡುವ ಹೊತ್ತಿಗೆ ಕೊಪ್ಪಳ, ಗದಗ, ದಾವಣಗೆರೆ ಮುಂತಾದ ಜಿಲ್ಲೆಗಳಲ್ಲಿ ಯೂರಿಯಾ ಚೀಲಕ್ಕಾಗಿ ರೈತರು ಮುಂಜಾನೆಯಿಂದಲೇ ಸರದಿಯಲ್ಲಿ ನಿಲ್ಲಬೇಕಾಯಿತು. ಕೊರತೆಯನ್ನು ತುಂಬಿಕೊಡುವಂತೆ ಮುಖ್ಯಮಂತ್ರಿಗಳು ಕೇಂದ್ರ ರಸಗೊಬ್ಬರ ಸಚಿವರಿಗೆ ಪತ್ರ ಬರೆದರು. ಇಂತಹ ಪ್ರತಿಯೊಂದು ಅಭಾವದ ಕಾಲದಲ್ಲಿಯೂ ಊರಿನ ಕಟ್ಟೆಯ ಮೇಲೆ ಒಂದು ಮಾತು ಕೇಳಿಬರುತ್ತದೆ: "ನಮ್ಮ ಯೂರಿಯಾ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತಿದೆ."

ಈ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಅದರಲ್ಲಿ ಎಷ್ಟು ತಿರುಳಿದೆ ಎಂಬುದನ್ನು ತೂಗಿ ನೋಡಬೇಕಾದರೆ, ಯೂರಿಯಾದೊಡನೆ ಕೂಡಿ ಅಂಟಾಗುವ ಇನ್ನೊಂದು ರಾಸಾಯನಿಕವನ್ನು ಪರಿಚಯ ಮಾಡಿಕೊಳ್ಳಬೇಕು. ಅದೇ ಫಾರ್ಮಾಲ್ಡಿಹೈಡ್. ರೇಷ್ಮೆ ಬೆಳೆಗಾರರು ಮತ್ತು ಕೋಳಿ ಸಾಕಣೆದಾರರು ಇದನ್ನು ಫಾರ್ಮಾಲಿನ್ ಎಂಬ ಹೆಸರಿನಲ್ಲಿ ಬಲ್ಲರು. ಯೂರಿಯಾ ಎಲ್ಲಿಗೆ ಸೋರಿತು ಎಂಬುದಕ್ಕೆ ಸಾಕ್ಷಿ ನುಡಿಯಬಲ್ಲ ವಸ್ತುವೂ ಇದೇ ಎಂಬುದು ಈ ಲೇಖನದ ವಾದ.

ಒಂದೇ ಅನಿಲದಿಂದ ಎರಡು ಸರಕು

ಫಾರ್ಮಾಲ್ಡಿಹೈಡ್ ಬಣ್ಣವಿಲ್ಲದ, ಕಣ್ಣು ಮೂಗುಗಳನ್ನು ಉರಿಸುವ ಘಾಟು ಅನಿಲ. ಅದರ ಅಣು ಬಹಳ ಚಿಕ್ಕದು: ಒಂದು ಇಂಗಾಲ, ಎರಡು ಜಲಜನಕ, ಒಂದು ಆಮ್ಲಜನಕ. ರಷ್ಯಾದ ರಸಾಯನ ವಿಜ್ಞಾನಿ ಬಟ್ಲೆರೋವ್ 1859ರಲ್ಲಿ ಇದನ್ನು ಮೊದಲು ವಿವರಿಸಿದರು. ಕೆಲವು ವರ್ಷಗಳ ತರುವಾಯ ಜರ್ಮನಿಯ ಹಾಫ್‌ಮನ್, ಮೆಥನಾಲ್ ಆವಿಯನ್ನು ಗಾಳಿಯೊಡನೆ ಕಾದ ಪ್ಲಾಟಿನಂ ತಂತಿಯ ಮೇಲೆ ಹಾಯಿಸಿ ಇದನ್ನು ಪಡೆದರು. ಇಂದಿನ ಕಾರ್ಖಾನೆಗಳಲ್ಲಿ ನಡೆಯುವುದೂ ಮೂಲತಃ ಅದೇ ಕ್ರಿಯೆ. ಪ್ಲಾಟಿನಂ ಬದಲಿಗೆ ಬೇರೆ ಕ್ರಿಯಾವರ್ಧಕಗಳು ಬಂದಿವೆ. ಒಂದು ವಿಧಾನದಲ್ಲಿ ಬೆಳ್ಳಿಯ ಹರಳುಗಳ ಪದರವನ್ನು 600ರಿಂದ 650 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ ಅದರ ಮೂಲಕ ಆವಿಯನ್ನು ಹಾಯಿಸುತ್ತಾರೆ. ಇನ್ನೊಂದರಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ ಆಕ್ಸೈಡುಗಳನ್ನು ಬಳಸುವುದರಿಂದ 250ರಿಂದ 400 ಡಿಗ್ರಿಯ ಶಾಖ ಸಾಕಾಗುತ್ತದೆ. ಹೊರಬಂದ ಅನಿಲವನ್ನು ನೀರಿನಲ್ಲಿ ಹೀರಿಸಿದಾಗ ದೊರೆಯುವ ಸುಮಾರು ಶೇ. 37ರ ದ್ರಾವಣವೇ ಫಾರ್ಮಾಲಿನ್.

ಇದರಲ್ಲಿ ನೀರಿನ ಪಾಲೇ ಹೆಚ್ಚು. ನೀರನ್ನು ದೂರದೂರಕ್ಕೆ ಸಾಗಿಸುವುದು ಯಾರಿಗೂ ಗಿಟ್ಟುವುದಿಲ್ಲ. ಆದುದರಿಂದ ಫಾರ್ಮಾಲಿನ್ ಘಟಕಗಳು ಸಾಮಾನ್ಯವಾಗಿ ಅದನ್ನು ಕೊಳ್ಳುವವರ ಸಮೀಪದಲ್ಲಿಯೇ ತಲೆಯೆತ್ತುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿಡಿ. ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಮೆಥನಾಲ್ ಎಲ್ಲಿಂದ ಬರುತ್ತದೆ? ನೈಸರ್ಗಿಕ ಅನಿಲವನ್ನು ಹಬೆಯೊಡನೆ ಕಾಯಿಸಿದಾಗ ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡುಗಳ ಮಿಶ್ರಣ ಸಿಗುತ್ತದೆ. ಆ ಮಿಶ್ರಣವನ್ನು ತಾಮ್ರದ ಕ್ರಿಯಾವರ್ಧಕದ ಮೇಲೆ ಕೂಡಿಸಿದರೆ ಮೆಥನಾಲ್. ಅದೇ ಜಲಜನಕವನ್ನು ಗಾಳಿಯ ಸಾರಜನಕದೊಡನೆ ಕೂಡಿಸಿದರೆ ಅಮೋನಿಯ. ಅಮೋನಿಯವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿದರೆ ಯೂರಿಯಾ. ಅಂದರೆ ಅಂಟಿನ ಎರಡು ಕಚ್ಚಾವಸ್ತುಗಳೂ ಒಂದೇ ತಾಯಿಯ ಮಕ್ಕಳು. ಅನಿಲದ ಬೆಲೆ ಏರಿದರೆ ಎರಡೂ ಒಟ್ಟಿಗೆ ತುಟ್ಟಿಯಾಗುತ್ತವೆ. ನಮ್ಮ ದೇಶ ತನಗೆ ಬೇಕಾದ ಮೆಥನಾಲಿನ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ, ಅದೂ ಮುಖ್ಯವಾಗಿ ಕೊಲ್ಲಿ ದೇಶಗಳಿಂದ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಸಂಘರ್ಷ ನಡೆದಾಗ ಇಸ್ರೇಲಿನ ಅನಿಲ ಪೂರೈಕೆ ನಿಂತು ಈಜಿಪ್ಟಿನ ಯೂರಿಯಾ ಕಾರ್ಖಾನೆಗಳು ಉತ್ಪಾದನೆ ನಿಲ್ಲಿಸಿದವು. ವಿಶ್ವ ಮಾರುಕಟ್ಟೆಯಲ್ಲಿ ಯೂರಿಯಾ ದರ ಜಿಗಿಯಿತು. ಚೀನಾ ತನ್ನ ರಫ್ತನ್ನು ಅದಕ್ಕೆ ಮೊದಲೇ ಬಿಗಿಗೊಳಿಸಿತ್ತು. ಎಲ್ಲೋ ದೂರದಲ್ಲಿ ಸಿಡಿದ ಕ್ಷಿಪಣಿಗೂ ನಿಮ್ಮ ಮೆಕ್ಕೆಜೋಳದ ಸಾಲಿಗೂ ಇರುವ ಸಂಬಂಧ ಇದು.

ನಿಮ್ಮ ಹೊಲಕ್ಕೆ ಬರುವ ಯೂರಿಯಾದಲ್ಲಿಯೂ ಫಾರ್ಮಾಲ್ಡಿಹೈಡ್‌ನ ಲೇಶ ಇರಬಹುದು ಎಂದರೆ ಹಲವರಿಗೆ ಅಚ್ಚರಿಯಾದೀತು. ಹರಳು ಗಟ್ಟಿಯಾಗಿರಲಿ, ಚೀಲದಲ್ಲಿ ಮುದ್ದೆ ಕಟ್ಟದಿರಲಿ ಎಂದು ಗುಳಿಗೆ ಯೂರಿಯಾ ತಯಾರಿಸುವಾಗ ಕರಗಿದ ಯೂರಿಯಾಕ್ಕೆ ಶೇ. ಅರ್ಧದ ಆಸುಪಾಸಿನಲ್ಲಿ ಇದನ್ನು ಸೇರಿಸುವುದು ವಿಶ್ವದಾದ್ಯಂತ ರೂಢಿ. ಅದು ಆಗಲೇ ಯೂರಿಯಾದೊಡನೆ ಬೆಸೆದುಕೊಂಡಿರುವುದರಿಂದ ಬೆಳೆಗೆ ತೊಂದರೆಯಿಲ್ಲ.

ಅಂಟು ಬೇಯುವ ಬಗೆ

ಫಾರ್ಮಾಲ್ಡಿಹೈಡ್‌ನ ಗುಣವೇ ಬೆಸೆಯುವುದು. ಅದರ ಅಣು ಇನ್ನೆರಡು ಅಣುಗಳ ನಡುವೆ ನಿಂತು ಸೇತುವೆಯಾಗುತ್ತದೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಇದನ್ನು ಫೀನಾಲ್‌ನೊಡನೆ ಕೂಡಿಸಿ ಬೇಕಲೈಟ್ ತಯಾರಿಸಿದರು. ಹಳೆಯ ಮನೆಗಳ ಕಪ್ಪು ವಿದ್ಯುತ್ ಸ್ವಿಚ್ಚುಗಳು ಅದರವೇ. ಫೀನಾಲ್ ಬದಲು ಯೂರಿಯಾವನ್ನು ಕೂಡಿಸಿದರೆ ಬಣ್ಣವಿಲ್ಲದ, ಅಗ್ಗದ, ಬೇಗ ಗಟ್ಟಿಯಾಗುವ ಅಂಟು ಸಿಗುತ್ತದೆ. ಮನೆಯೊಳಗಿನ ಬೀರು, ಮಂಚ, ಮೇಜುಗಳಿಗೆ ಬಳಸುವ ಸಾಮಾನ್ಯ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳ ಒಡಲಲ್ಲಿರುವುದು ಬಹುಪಾಲು ಇದೇ. ನೀರು ತಾಗುವ ಕಡೆ ಬಳಸುವ ಕುದಿನೀರು ನಿರೋಧಕ ಪ್ಲೈವುಡ್‌ಗೆ ಮಾತ್ರ ಫೀನಾಲ್ ಅಂಟೇ ಬೇಕು, ಏಕೆಂದರೆ ಯೂರಿಯಾ ಅಂಟು ನೀರಿನಲ್ಲಿ ಕ್ರಮೇಣ ಬಿಟ್ಟುಕೊಳ್ಳುತ್ತದೆ.

ತಯಾರಿಕೆ ಕಠಿಣವೇನಲ್ಲ, ತೊಂದರೆಯ ಮೂಲವೂ ಅದೇ. ಫಾರ್ಮಾಲಿನ್‌ನ ರಸಸಾರವನ್ನು ತುಸು ಕ್ಷಾರೀಯಗೊಳಿಸಿ, ಯೂರಿಯಾ ಸುರಿದು, 80ರಿಂದ 90 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಅನಂತರ ರಸಸಾರವನ್ನು 5ರ ಸುಮಾರಿಗೆ ಇಳಿಸಿದಾಗ ಅಣುಗಳು ಸರಪಳಿಯಾಗಿ ಬೆಳೆದು ದ್ರವ ಮಂದವಾಗುತ್ತದೆ. ಸಾಕಷ್ಟು ಮಂದವಾದಾಗ ಮತ್ತೆ ಕ್ಷಾರ ಹಾಕಿ, ತಣಿಸಿ, ಬೆಳವಣಿಗೆಯನ್ನು ನಿಲ್ಲಿಸುತ್ತಾರೆ. ಹಲಗೆಗೆ ಹಚ್ಚುವ ಮುನ್ನ ಮೈದಾ ಹಿಟ್ಟು ಮತ್ತು ಅಮೋನಿಯಂ ಕ್ಲೋರೈಡ್ ಬೆರೆಸಿ, ವಿನೀರ್ ಹಾಳೆಗಳ ನಡುವೆ ಬಳಿದು, ಬಿಸಿ ಒತ್ತುಯಂತ್ರಕ್ಕೆ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಅಂಟು ಕಲ್ಲಾಗುತ್ತದೆ.

ಈ ಕೆಲಸಕ್ಕೆ ಒಂದು ಪಾತ್ರೆ, ಹಬೆ, ಅನುಭವಿ ಕೈ ಇದ್ದರೆ ಸಾಕು. ನಮ್ಮಲ್ಲಿ ಅನೇಕ ಪ್ಲೈವುಡ್ ಕಾರ್ಖಾನೆಗಳು ತಮ್ಮ ಆವರಣದಲ್ಲಿಯೇ ಅಂಟು ಬೇಯಿಸಿಕೊಳ್ಳುತ್ತವೆ. ಯೂರಿಯಾ ಕೊಳ್ಳುವವರು ಹೀಗೆ ಅಲ್ಲಲ್ಲಿ ಚದುರಿದ ನೂರಾರು ಸಣ್ಣ ಘಟಕಗಳಾದಾಗ, ಅವರ ಗೋದಾಮಿಗೆ ರಾತ್ರಿ ಹೊತ್ತಿನಲ್ಲಿ ಬರುವ ಲಾರಿಯಲ್ಲಿ ಯಾವ ದರ್ಜೆಯ ಯೂರಿಯಾ ಇತ್ತೆಂಬುದನ್ನು ಕಾಯುವವರು ಯಾರು?

ಅಂತರದ ಲೆಕ್ಕ

ಉದ್ಯಮಗಳು ಬಳಸಬೇಕಾದುದು ತಾಂತ್ರಿಕ ದರ್ಜೆಯ ಯೂರಿಯಾ. ಅದಕ್ಕೆ ಸಹಾಯಧನವಿಲ್ಲ, ಮಾರುಕಟ್ಟೆಯ ಬೆಲೆ ತೆರಬೇಕು. ಕೃಷಿ ಯೂರಿಯಾದ 45 ಕಿಲೋ ಚೀಲ ಬೇವು ಲೇಪನದ ಶುಲ್ಕ ಮತ್ತು ತೆರಿಗೆ ಸೇರಿ ರೈತರಿಗೆ 266 ರೂಪಾಯಿ 50 ಪೈಸೆಗೆ ದೊರೆಯುತ್ತದೆ, ಅಂದರೆ ಕಿಲೋಗೆ 6 ರೂಪಾಯಿಗಿಂತಲೂ ಕಡಿಮೆ. ಎರಡೂ ಯೂರಿಯಾಗಳಲ್ಲಿ ಸಾರಜನಕದ ಪ್ರಮಾಣ ಶೇ. 46. ರಾಸಾಯನಿಕವಾಗಿ ಅವೆರಡೂ ಒಂದೇ ವಸ್ತು.

2022ರಲ್ಲಿ ವಿಶ್ವ ಮಾರುಕಟ್ಟೆಯ ದರ ನೆತ್ತಿಗೇರಿದಾಗ, ರೈತರ ಪ್ರತಿ ಚೀಲಕ್ಕೆ 2,700 ರೂಪಾಯಿಗಳಷ್ಟು ಸಹಾಯಧನ ಭರಿಸುತ್ತಿರುವುದಾಗಿ ಕೇಂದ್ರ ಸರ್ಕಾರ ತಿಳಿಸಿತ್ತು. ಅದೇ ವರ್ಷ ಅಧಿಕಾರಿಗಳು ಹೊರಗಿಟ್ಟ ಅಂದಾಜು ಹೀಗಿತ್ತು: ದೇಶದ ಉದ್ಯಮಗಳಿಗೆ ವರ್ಷಕ್ಕೆ ಬೇಕಾದ ತಾಂತ್ರಿಕ ಯೂರಿಯಾ 13ರಿಂದ 14 ಲಕ್ಷ ಟನ್, ದೇಶದೊಳಗೆ ತಯಾರಾಗುವುದು ಸುಮಾರು 1.5 ಲಕ್ಷ ಟನ್. ಆಮದಾಗುವುದು ಸುಮಾರು 2 ಲಕ್ಷ ಟನ್. ಉಳಿದ 10 ಲಕ್ಷ ಟನ್ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಒಂದೇ ಉತ್ತರ. ಅದರಿಂದಾಗುವ ಸಹಾಯಧನದ ನಷ್ಟ ವರ್ಷಕ್ಕೆ 6,000 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಲಾಗಿತ್ತು. ಆ ಬಳಿಕ ಕೇಂದ್ರವು ರಸಗೊಬ್ಬರ ಸಂಚಾರಿ ದಳಗಳನ್ನು ರಚಿಸಿತು. 2023ರ ಮೇ ತಿಂಗಳಲ್ಲಿ ನೀಡಿದ ವಿವರದ ಪ್ರಕಾರ 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ 370ಕ್ಕೂ ಹೆಚ್ಚು ಅನಿರೀಕ್ಷಿತ ತಪಾಸಣೆಗಳು ನಡೆದು, ಯೂರಿಯಾ ದುರ್ಬಳಕೆಗಾಗಿ 30 ಪ್ರಕರಣಗಳು ದಾಖಲಾದವು. ಸುಮಾರು 70,000 ಸಂಶಯಾಸ್ಪದ ಚೀಲಗಳನ್ನು ವಶಪಡಿಸಿಕೊಳ್ಳಲಾಯಿತು. ಗುಜರಾತ್, ಕೇರಳ, ಹರಿಯಾಣ, ರಾಜಸ್ಥಾನಗಳೊಡನೆ ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇತ್ತು.

10 ಲಕ್ಷ ಟನ್ ಎಂದರೆ 2 ಕೋಟಿ 22 ಲಕ್ಷ ಚೀಲ. ಕೇಳಲು ದೊಡ್ಡ ಸಂಖ್ಯೆ, ನಿಜ. ಆದರೆ ದೇಶದ ಒಟ್ಟು ವಾರ್ಷಿಕ ಯೂರಿಯಾ ಬಳಕೆ 350 ಲಕ್ಷ ಟನ್‌ಗಿಂತ ಹೆಚ್ಚು. ಸೋರಿಕೆ ಅದರಲ್ಲಿ ಶೇ. 3ರ ಆಸುಪಾಸು. ಆದ್ದರಿಂದ ಎಲ್ಲ ಅಭಾವವನ್ನೂ ಪ್ಲೈವುಡ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಹಡಗು ತಡವಾದುದು, ರೈಲ್ವೆ ರೇಕ್ ಹಂಚಿಕೆ, ಬಿತ್ತನೆ ಕ್ಷೇತ್ರದ ಹಠಾತ್ ಏರಿಕೆ, ಹೆದರಿ ಹೆಚ್ಚು ಕೊಳ್ಳುವುದು, ಇವೆಲ್ಲವುಗಳ ಪಾಲೂ ಇದೆ. ಹಾಗೆಂದು ಶೇ. 3 ಎಂದು ಕಡೆಗಣಿಸುವುದೂ ತರವಲ್ಲ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಬೇಕಾಗುವುದು ವರ್ಷವಿಡೀ ಅಲ್ಲ, ಮೊಣಕಾಲೆತ್ತರಕ್ಕೆ ಬೆಳೆದ ಆ ಕೆಲವು ದಿನಗಳಲ್ಲಿ. ಅಷ್ಟರೊಳಗೆ ಸಿಗದ ಚೀಲ ಆಮೇಲೆ ಸಿಕ್ಕರೆ ಪ್ರಯೋಜನ ಅಷ್ಟಕ್ಕಷ್ಟೇ. ಕಾರ್ಖಾನೆಯ ಪಾತ್ರೆಗೆ ಋತುಮಾನವಿಲ್ಲ; ಅದು ಆಷಾಢದಲ್ಲಿಯೂ ಬೇಯುತ್ತಿರುತ್ತದೆ.

ಇದರಲ್ಲಿ ಇನ್ನೊಂದು ಕ್ರೂರವಾದ ಸಂಗತಿ ಅಡಗಿದೆ. ರೈತರ ಚೀಲದ ಬೆಲೆ ಸ್ಥಿರ. ವಿಶ್ವ ಮಾರುಕಟ್ಟೆಯ ಬೆಲೆ ಏರಿದಷ್ಟೂ ಎರಡರ ನಡುವಣ ಅಂತರ ಹಿಗ್ಗುತ್ತದೆ, ಅಂತರ ಹಿಗ್ಗಿದಷ್ಟೂ ಕಳ್ಳಸಾಗಣೆಯ ಆಸೆ ಬಲಿಯುತ್ತದೆ. ಬೆಲೆ ಏರುವುದು ಯಾವಾಗ? ಪೂರೈಕೆ ಕುಗ್ಗಿದಾಗ. ಹೀಗಾಗಿ ಯೂರಿಯಾ ಅತಿ ವಿರಳವಾದ ಹೊತ್ತಿನಲ್ಲಿಯೇ ಅದು ಅತಿ ಹೆಚ್ಚು ಸೋರುವ ಸಾಧ್ಯತೆ ಇದೆ.

ಬೇವು ಲೇಪನದಿಂದ ಇದು ನಿಲ್ಲಬೇಕಾಗಿತ್ತಲ್ಲವೇ ಎಂದು ನೀವು ಕೇಳಬಹುದು. 2015ರಿಂದ ಕೃಷಿ ಯೂರಿಯಾ ಪೂರ್ಣವಾಗಿ ಬೇವು ಲೇಪಿತವಾಗಿದೆ. ಸಾರಜನಕ ನಿಧಾನವಾಗಿ ಒದಗಬೇಕು, ಅನ್ಯ ಬಳಕೆ ತಪ್ಪಬೇಕು ಎಂಬ ಎರಡು ಉದ್ದೇಶಗಳು ಅದರ ಹಿಂದಿದ್ದವು. ಆದರೆ ಪ್ರಮಾಣವನ್ನು ಗಮನಿಸಿ. ರಸಗೊಬ್ಬರ ನಿಯಂತ್ರಣ ಆದೇಶ ನಿಗದಿಪಡಿಸಿರುವ ಕನಿಷ್ಠ ಬೇವಿನೆಣ್ಣೆಯ ಅಂಶ ಶೇ. 0.035. ಒಂದು ಚೀಲಕ್ಕೆ ಸುಮಾರು 16 ಗ್ರಾಂ! ಅದನ್ನು ರಾಸಾಯನಿಕವಾಗಿ ತೊಳೆದು ತೆಗೆಯುವ ದಂಧೆ ನಡೆಯುತ್ತಿರುವುದನ್ನು ಅಧಿಕಾರಿಗಳೇ ಒಪ್ಪಿಕೊಂಡಿದ್ದಾರೆ. ಲೇಪನ ವ್ಯರ್ಥವೆಂದಲ್ಲ; ಹೊಲದಲ್ಲಿ ಅದರ ಪ್ರಯೋಜನವಿದೆ. ಕಾವಲುಗಾರನಾಗಿ ಮಾತ್ರ ಅದು ದುರ್ಬಲ.

ಫಾರ್ಮಾಲಿನ್ ರಸೀದಿ ನುಡಿಯುವ ಸಾಕ್ಷಿ

ಹಾಗಾದರೆ ಗಟ್ಟಿಯಾದ ಕಾವಲು ಯಾವುದು? ನಮ್ಮ ಅಭಿಪ್ರಾಯದಲ್ಲಿ ಅದು ರಸಾಯನಶಾಸ್ತ್ರದ ತಕ್ಕಡಿಯಲ್ಲಿಯೇ ಇದೆ.

ಯೂರಿಯಾ ಅಂಟನ್ನು ಫಾರ್ಮಾಲಿನ್ ಇಲ್ಲದೆ ಬೇಯಿಸಲಾಗದು. ಎರಡರ ಅನುಪಾತವೂ ಮನಬಂದಂತೆ ಬದಲಾಗುವುದಿಲ್ಲ. ಅಣುಗಳ ಲೆಕ್ಕದಲ್ಲಿ ಒಂದು ಯೂರಿಯಾಕ್ಕೆ ಒಂದೂವರೆ ಫಾರ್ಮಾಲ್ಡಿಹೈಡ್ ಎಂದಿಟ್ಟುಕೊಂಡರೆ, ಶೇ. 37ರ ಒಂದು ಟನ್ ಫಾರ್ಮಾಲಿನ್‌ಗೆ ಸುಮಾರು 490 ಕಿಲೋ ಯೂರಿಯಾ ಬೇಕು. ಅಂದರೆ 11 ಚೀಲ. ಕೃಷಿ ಯೂರಿಯಾದ ದರದಲ್ಲಿ ಇದರ ಬೆಲೆ 3,000 ರೂಪಾಯಿಯೂ ಆಗದು. 2022ರ ಸಹಾಯಧನದ ಮಟ್ಟದಲ್ಲಿ ನೋಡಿದರೆ ಸರ್ಕಾರ ಅದರ ಹಿಂದೆ ಸುಮಾರು 30,000 ರೂಪಾಯಿ ಸುರಿದಿರುತ್ತದೆ. ಒಂದು ಟನ್ ಫಾರ್ಮಾಲಿನ್ ಎಂದರೆ ಸಣ್ಣ ಟ್ಯಾಂಕರಿನ ಒಂದು ಮೂಲೆ.

ಫಾರ್ಮಾಲಿನ್‌ಗೆ ಸಹಾಯಧನವಿಲ್ಲ, ಆದ್ದರಿಂದ ಅದನ್ನು ಮುಚ್ಚಿಟ್ಟು ಕೊಳ್ಳುವ ಅಗತ್ಯವೂ ಕಡಿಮೆ. ಅದು ಟ್ಯಾಂಕರಿನಲ್ಲಿ, ಜಿಎಸ್‌ಟಿ ರಸೀದಿಯೊಡನೆ, ಹತ್ತಿರದ ಕೆಲವೇ ಘಟಕಗಳಿಂದ ಬರುತ್ತದೆ. ಕಾರ್ಖಾನೆಯೊಂದು ವರ್ಷದಲ್ಲಿ 500 ಟನ್ ಫಾರ್ಮಾಲಿನ್ ಕೊಂಡಿದ್ದು, ಅದೆಲ್ಲವೂ ಯೂರಿಯಾ ಅಂಟಿಗೇ ಹೋಗಿದ್ದರೆ, ಅಲ್ಲಿ ಸುಮಾರು 245 ಟನ್ ತಾಂತ್ರಿಕ ಯೂರಿಯಾದ ರಸೀದಿಗಳು ಇರಲೇಬೇಕು. 40 ಟನ್‌ಗೆ ಮಾತ್ರ ರಸೀದಿ ಇದ್ದರೆ ಉಳಿದುದು ಎಲ್ಲಿಂದ ಬಂತೆಂದು ಕೇಳಲು ಗೋದಾಮಿನ ಬೀಗ ಒಡೆಯಬೇಕಾಗಿಲ್ಲ. ಫೀನಾಲ್ ಮತ್ತು ಮೆಲಮೈನ್ ಅಂಟುಗಳಿಗೂ ಫಾರ್ಮಾಲಿನ್ ಬೇಕಾಗುವುದರಿಂದ ಆ ಸರಕುಗಳ ರಸೀದಿಗಳನ್ನು ಒಟ್ಟಿಗೆ ಇಟ್ಟು ಅವುಗಳ ಪಾಲನ್ನು ಕಳೆಯಬೇಕು. ಪ್ರಾಮಾಣಿಕವಾಗಿ ಮಾರುಕಟ್ಟೆ ಬೆಲೆ ತೆತ್ತು ನಡೆಯುವ ಕಾರ್ಖಾನೆಗೆ ಇಂತಹ ತಾಳೆಯಿಂದ ರಕ್ಷಣೆಯೇ ಹೊರತು ಕಿರುಕುಳವಿಲ್ಲ. ಅಗ್ಗದ ಅಂಟಿನ ಎದುರಾಳಿಯಿಂದ ಮೊದಲು ಪೆಟ್ಟು ತಿನ್ನುತ್ತಿರುವುದು ಆ ಕಾರ್ಖಾನೆಯೇ.

ಈ ತಾಳೆಯ ಅಗತ್ಯ ಮುಂದಿನ ದಿನಗಳಲ್ಲಿ ಹೆಚ್ಚಲಿದೆ. ಯೂರಿಯಾ ಅಂಟಿನ ಹಲಗೆಯಿಂದ ಫಾರ್ಮಾಲ್ಡಿಹೈಡ್ ನಿಧಾನವಾಗಿ ಹೊರಸೂಸುತ್ತದೆ. ಹೊಸ ಬೀರುವಿನ ಬಾಗಿಲು ತೆರೆದಾಗ ಕಣ್ಣಿಗೆ ತಾಗುವ ಉರಿಗೆ ಅನೇಕ ವೇಳೆ ಅದೇ ಕಾರಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಆದ್ದರಿಂದ ಎಲ್ಲೆಡೆ ಹೊರಸೂಸುವಿಕೆ ಕಡಿಮೆ ಇರುವ ಹಲಗೆಗಳಿಗೆ ಬೇಡಿಕೆ ಏರುತ್ತಿದೆ. ಅದನ್ನು ಸಾಧಿಸುವ ಸುಲಭ ದಾರಿ ಎಂದರೆ ಅಂಟಿನಲ್ಲಿ ಯೂರಿಯಾದ ಪಾಲನ್ನು ಹೆಚ್ಚಿಸಿ, ಬಿಡಿಯಾಗಿ ಉಳಿಯುವ ಫಾರ್ಮಾಲ್ಡಿಹೈಡನ್ನು ಕಟ್ಟಿಹಾಕುವುದು. ಅನುಪಾತ ಒಂದಕ್ಕೆ 1.1ಕ್ಕೆ ಇಳಿದರೆ ಅದೇ ಒಂದು ಟನ್ ಫಾರ್ಮಾಲಿನ್‌ಗೆ 11ರ ಬದಲು ಸುಮಾರು 15 ಚೀಲ ಯೂರಿಯಾ ಬೇಕಾಗುತ್ತದೆ. ಪಟ್ಟಣದ ಮನೆಯ ಗಾಳಿ ಶುದ್ಧವಾಗುವುದು ಒಳ್ಳೆಯದೇ. ಆ ಹೆಚ್ಚುವರಿ ನಾಲ್ಕು ಚೀಲ ಯಾರ ಲೆಕ್ಕದಿಂದ ಬರುತ್ತದೆ ಎಂಬುದನ್ನು ಮಾತ್ರ ಕೇಳಬೇಕು.

ಮರ ಬೆಳೆಯುವ ರೈತರ ಇಕ್ಕಟ್ಟು

ಈ ವಿಷಯದಲ್ಲಿ ಕೃಷಿಕರೆಲ್ಲರೂ ಒಂದೇ ದಡದಲ್ಲಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ನಂತರ ಕಾಡಿನ ಮರಕ್ಕೆ ಕಡಿವಾಣ ಬಿದ್ದು, ಪ್ಲೈವುಡ್ ಉದ್ಯಮ ರೈತರ ಹೊಲದ ಮರದತ್ತ ಹೊರಳಿತು. ಹರಿಯಾಣದ ಯಮುನಾನಗರ ಪಾಪ್ಲರ್ ಮತ್ತು ನೀಲಗಿರಿಯಿಂದ, ಕೇರಳದ ಪೆರುಂಬಾವೂರು ರಬ್ಬರ್ ಮರದಿಂದ ಬೆಳೆದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಇದೇ ಉದ್ಯಮಕ್ಕೆ ಹೋಗುತ್ತದೆ. ಬಯಲು ಸೀಮೆಯಲ್ಲಿ ಹೆಬ್ಬೇವು ನೆಟ್ಟವರ ಕಣ್ಣಿರುವುದೂ ಅದೇ ಮಾರುಕಟ್ಟೆಯ ಮೇಲೆ. ಅಂಟು ದುಬಾರಿಯಾದರೆ ಕಾರ್ಖಾನೆಯವರು ಮರದ ದರ ಇಳಿಸಬಹುದೆಂಬ ಅಂಜಿಕೆ ಇವರಿಗೆ ಸಹಜ.

ಅಂಜಿಕೆಗೆ ಆಧಾರವಿಲ್ಲವೆನ್ನಲಾಗದು, ಆದರೆ ಅದನ್ನು ಹಿಗ್ಗಿಸಬೇಕಾಗಿಯೂ ಇಲ್ಲ. ದಿಮ್ಮಿಯ ಬೆಲೆಯನ್ನು ನಿರ್ಧರಿಸುವುದು ಮುಖ್ಯವಾಗಿ ಅದರ ಸುತ್ತಳತೆ, ನೇರತನ, ಗಂಟುಗಳು ಮತ್ತು ಸಾಗಣೆಯ ದೂರ. ಕದ್ದ ಯೂರಿಯಾದಿಂದ ಉಳಿದ ಹಣ ದಿಮ್ಮಿ ಮಾರಿದವರ ಕೈಗೆ ಹರಿದುಬರುತ್ತದೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ. ದಲ್ಲಾಳಿ, ಮಾರಾಟಗಾರ, ಕಾರ್ಖಾನೆ ಎಂಬ ಮೂರು ಕೈಗಳ ನಡುವೆಯೇ ಅದು ಹಂಚಿಹೋಗುತ್ತದೆ. ಹೆಬ್ಬೇವು ಬೆಳೆಗಾರರು ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಳ್ಳುವಾಗ ದರವನ್ನು ಯಾವ ಸುತ್ತಳತೆಗೆ, ತೊಗಟೆ ಸಹಿತವೋ ರಹಿತವೋ, ಕಟಾವು ಮತ್ತು ಸಾಗಣೆ ಯಾರ ಖರ್ಚು ಎಂಬುದನ್ನು ಬರೆಸಿಕೊಂಡರೆ ಅದರಿಂದಾಗುವ ಲಾಭ ಹೆಚ್ಚು.

ಫಾರ್ಮಾಲ್ಡಿಹೈಡ್ ಮೇಲಿನ ಅವಲಂಬನೆ ತಗ್ಗಿಸುವ ದಾರಿಗಳೂ ಇವೆ, ಅವು ಕೃಷಿಯಿಂದಲೇ ಹೊರಟಿವೆ. ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಸಿಗುವ ಕಾರ್ಡನಾಲ್, ಮರದ ಲಿಗ್ನಿನ್, ತೊಗಟೆಯ ಟ್ಯಾನಿನ್‌ಗಳನ್ನು ಫೀನಾಲ್‌ಗೆ ಭಾಗಶಃ ಬದಲಿಯಾಗಿ ಬಳಸುವ ಸಂಶೋಧನೆ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವೆಡೆ ನಡೆದಿದೆ. ಅಮೆರಿಕದಲ್ಲಿ ಸೋಯಾ ಹಿಟ್ಟಿನ ಅಂಟಿನಿಂದ ಪ್ಲೈವುಡ್ ವಾಣಿಜ್ಯ ಪ್ರಮಾಣದಲ್ಲಿಯೇ ತಯಾರಾಗುತ್ತಿದೆ. ಬೀದರ್, ಬೆಳಗಾವಿ, ಧಾರವಾಡದ ಸೋಯಾ ಬೆಳೆಗಾರರಿಗೆ ಇದು ಕಿವಿಗೊಡಬೇಕಾದ ಸುದ್ದಿ. ಆದರೆ 6 ರೂಪಾಯಿ ಕಿಲೋದ ಯೂರಿಯಾ ಹಿಂಬಾಗಿಲಿನಿಂದ ಸಿಗುತ್ತಿರುವವರೆಗೆ ಸೋಯಾ ಅಂಟಿನತ್ತ ತಿರುಗಿ ನೋಡುವ ಕಾರ್ಖಾನೆ ಅಪರೂಪ.

ನಿಮ್ಮ ಮನೆಯ ಕ್ಯಾನಿನಲ್ಲಿರುವ ಫಾರ್ಮಾಲಿನ್

ವಿಷಯ ಬಂದುದರಿಂದ ಹೊಲಮನೆಯ ಬಳಕೆಯ ಬಗ್ಗೆಯೂ ಎರಡು ಮಾತು. ರೇಷ್ಮೆ ಹುಳು ಸಾಕಣೆ ಮನೆಯ ಸೋಂಕು ನಿವಾರಣೆಗೆ ಶೇ. 2ರ ಫಾರ್ಮಾಲಿನ್ ದ್ರಾವಣ ದೀರ್ಘಕಾಲದಿಂದ ಬಳಕೆಯಲ್ಲಿದೆ. ಶೇ. 36ರ ಫಾರ್ಮಾಲಿನ್ ಒಂದು ಪಾಲಿಗೆ 17 ಪಾಲು ನೀರು ಬೆರೆಸಬೇಕು. ಮನೆ ಗಾಳಿಯಾಡದಂತೆ ಮುಚ್ಚಿರಬೇಕು. ಉಷ್ಣತೆ 25 ಡಿಗ್ರಿಗಿಂತ, ಆರ್ದ್ರತೆ ಶೇ. 70ಕ್ಕಿಂತ ಹೆಚ್ಚಿರಬೇಕು, 24 ಗಂಟೆಗಳ ಬಳಿಕವಷ್ಟೇ ಬಾಗಿಲು ಕಿಟಕಿ ತೆರೆಯಬೇಕು. ಗಾಳಿಯಾಡುವ ಸಾಕಣೆ ಮನೆಗಳಲ್ಲಿ ಇದು ಫಲ ಕೊಡುವುದಿಲ್ಲ. ಅಲ್ಲಿ ಕ್ಲೋರಿನ್ ಡೈಆಕ್ಸೈಡ್ ಅಥವಾ ಬ್ಲೀಚಿಂಗ್ ಪುಡಿಯ ದ್ರಾವಣವೇ ಲೇಸು. ಕ್ಯಾನಿನ ತಳದಲ್ಲಿ ಬಿಳಿ ಗಷ್ಟು ಕಂಡರೆ ಫಾರ್ಮಾಲ್ಡಿಹೈಡ್ ತಣ್ಣಗಾಗಿ ಹೆಪ್ಪುಗಟ್ಟಿದೆ, ಮೇಲಿನ ದ್ರವದ ಶಕ್ತಿ ಕುಂದಿದೆ ಎಂದು ತಿಳಿಯಿರಿ.

ಕೋಳಿ ಮನೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನೊಡನೆ ಹೊಗೆ ಹಾಕುವವರು ಮಣ್ಣಿನ ಅಥವಾ ಲೋಹದ ಅಗಲ ಪಾತ್ರೆಯಲ್ಲಿ ಮೊದಲು ಪರ್ಮಾಂಗನೇಟ್ ಇಟ್ಟು ಅದರ ಮೇಲೆ ಫಾರ್ಮಾಲಿನ್ ಸುರಿದು ತಕ್ಷಣ ಹೊರಬರಬೇಕು. ಎಂದಿಗೂ ಫಾರ್ಮಾಲಿನ್‌ಗೆ ಪರ್ಮಾಂಗನೇಟ್ ಸುರಿಯಬಾರದು, ಅದು ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ, ಅನಿಲ ತಡೆಯುವ ಮುಖಗವಸು ಬೇಕು. ಒದ್ದೆ ಟವೆಲ್ ಸಾಲದು. ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಹಾಲು ಅಥವಾ ಮೀನು ಕೆಡದಿರಲೆಂದು ಇದನ್ನು ಬೆರೆಸುವುದು ಅಪರಾಧ. 2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಬೆರೆತ ಮೀನು ಸಿಕ್ಕಿಬಿದ್ದಾಗ, ಪ್ರಾಮಾಣಿಕ ಮೀನುಗಾರರ ಮಾಲನ್ನೂ ಕೊಳ್ಳುವವರಿಲ್ಲದಂತಾದುದನ್ನು ಕರಾವಳಿಯವರು ಮರೆತಿಲ್ಲ.

ಈಗ ಏನು ಮಾಡಬಹುದು?

ರಸಗೊಬ್ಬರ ನಿಯಂತ್ರಣ ಆದೇಶ 1985ರ 25ನೇ ಖಂಡದ ಪ್ರಕಾರ ರಸಗೊಬ್ಬರವನ್ನು ಮಣ್ಣಿನ ಫಲವತ್ತತೆ ಮತ್ತು ಬೆಳೆಯ ಇಳುವರಿಯ ಉದ್ದೇಶವಲ್ಲದೆ ಅನ್ಯ ಕಾರ್ಯಕ್ಕೆ ಮಾರುವಂತಿಲ್ಲ, ಬಳಸುವಂತಿಲ್ಲ. ಉಲ್ಲಂಘನೆಗೆ ಅಗತ್ಯ ವಸ್ತುಗಳ ಕಾಯ್ದೆಯಡಿ 3 ತಿಂಗಳಿಂದ 7 ವರ್ಷಗಳವರೆಗೆ ಸೆರೆವಾಸವಿದೆ. ಚೀಲ ಕೃಷಿ ಲೆಕ್ಕದಿಂದ ಹೊರಗೆ ಜಾರುವುದು ಪಿಒಎಸ್ ಯಂತ್ರದಲ್ಲಿ ಯಾರದೋ ಹೆಸರಿಗೆ ಮಾರಾಟವಾದಂತೆ ದಾಖಲಾದ ಮೇಲೆಯೇ. ಆ ಹೆಸರು ನಿಮ್ಮದಾಗದಿರಲಿ. ನೀವು ಎರಡು ಚೀಲ ಕೊಂಡ ದಿನ ಮೊಬೈಲಿಗೆ ಬರುವ ಸಂದೇಶದಲ್ಲಿ ಹತ್ತು ಚೀಲ ಎಂದಿದ್ದರೆ ರಸೀದಿಯೊಡನೆ ಆ ದಿನವೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ. "ಸುಮ್ಮನೆ ಬೆರಳು ಒತ್ತಿ ಹೋಗಿ, ಚಹಾದ ಖರ್ಚು ಕೊಡುತ್ತೇವೆ" ಎನ್ನುವವರಿಗೆ ಬೆರಳು ಕೊಡಬೇಡಿ; ತನಿಖೆ ಬಂದಾಗ ಕಾಗದದ ಮೇಲಿರುವುದು ಕೊಟ್ಟವರ ಬೆರಳು ಮಾತ್ರ.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಮಾರಾಟದ ದಾಖಲೆಯನ್ನು ಬೆಳೆಯ ಕ್ಷೇತ್ರದೊಡನೆ ತಾಳೆ ನೋಡಬೇಕು. ಬೆಳೆಯಿಲ್ಲದ ತಿಂಗಳಿನಲ್ಲಿ ಏರಿದ ಮಾರಾಟ, ಪಹಣಿಯಲ್ಲಿ ಎರಡು ಎಕರೆ ಇರುವವರ ಹೆಸರಿನಲ್ಲಿ ಮತ್ತೆ ಮತ್ತೆ ಕಾಣುವ ದೊಡ್ಡ ಖರೀದಿ, ಗಡಿ ತಾಲ್ಲೂಕುಗಳಲ್ಲಿ ಬೆಳೆಗೆ ಮೀರಿದ ದಾಸ್ತಾನು, ಇವು ಮೊದಲ ಸುಳಿವುಗಳು. ಹೆಸರಿಲ್ಲದ ಬಿಳಿ ಚೀಲಗಳಿಗೆ ಯೂರಿಯಾ ಮರುತುಂಬಿಸುತ್ತಿರುವುದು ಅಥವಾ ಖಾಲಿ ಕೃಷಿ ಯೂರಿಯಾ ಚೀಲಗಳ ರಾಶಿ ಹೊಲವಲ್ಲದ ಜಾಗದಲ್ಲಿ ಬಿದ್ದಿರುವುದು ಕಂಡರೆ ತಾವೇ ಒಳನುಗ್ಗದೆ, ಸ್ಥಳ, ದಿನಾಂಕ, ವಾಹನ ಸಂಖ್ಯೆಗಳನ್ನು ಬರೆದುಕೊಂಡು ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೂ ಕೃಷಿ ಇಲಾಖೆಯ ಜಾರಿದಳಕ್ಕೂ ತಿಳಿಸಬೇಕು. ವ್ಯಾಪ್ತಿಯಲ್ಲಿ ಪ್ಲೈವುಡ್ ಅಥವಾ ಅಂಟು ಘಟಕವಿದ್ದರೆ, ಅಲ್ಲಿಗೆ ಬರುವ ಫಾರ್ಮಾಲಿನ್ ಟ್ಯಾಂಕರುಗಳ ಉಲ್ಲೇಖವೂ ಆ ವರದಿಯಲ್ಲಿರಲಿ. ಒಂದು ಟನ್‌ಗೆ ಹನ್ನೊಂದು ಚೀಲ ಎಂಬ ಲೆಕ್ಕದಿಂದ ಮುಂದಿನ ತನಿಖೆಯನ್ನು ಅಧಿಕಾರಿಗಳು ಮಾಡಿಕೊಳ್ಳುತ್ತಾರೆ.